ಕೊನೆಯ ಆಮೆ ಎಂದರೆ ಎಷ್ಟನೆಯ ಆಮೆ?

ಗಲಪಗೋಸ್ ದ್ವೀಪಗಳ ಆಮೆಗಳ ಬಗ್ಗೆ ಮೂರು ಸುದ್ದಿಗಳು ಆಗಾಗ ಮೊಬೈಲ್‌ಗೆ ಬಂದು ಬೀಳುತ್ತವೆ. ಒಂದು: ಒಂದು ಬಗೆಯ ದೈತ್ಯ ಆಮೆಯ ಕೊನೆಯ ಜೀವ ಸತ್ತುಹೋಯಿತು, ಆ ಕುಲವೇ ಮುಗಿಯಿತು. ಎರಡು: ಅಳಿದೇಹೋಯಿತು ಎಂದುಕೊಂಡಿದ್ದ ಇನ್ನೊಂದು ಬಗೆಯ ಆಮೆ 113 ವರ್ಷಗಳ ಮೇಲೆ ಸಿಕ್ಕಿತು. ಮೂರು: ಸತ್ತ ಆ ಕೊನೆಯ ಆಮೆಯ ನೆಂಟರು ಬೇರೆ ದ್ವೀಪದಲ್ಲಿ ಇನ್ನೂ ಬದುಕಿದ್ದಾರೆ. ತಾರೀಕು, ಹೆಸರು ಯಾವುದೂ ಇಲ್ಲದೆ ಇವನ್ನು ಓದಿದವರಿಗೆ ತಲೆ ಕೆಡುವುದು ಸಹಜ. ಅಳಿದುಹೋದದ್ದು ಮತ್ತೆ ಸಿಗುವುದಾದರೆ, ಅಳಿದಿದೆ ಎಂದು ಹೇಳಿದ್ದು ಯಾಕೆ? ಕೊನೆಯದು ಸತ್ತಮೇಲೂ ನೆಂಟರು ಇದ್ದಾರೆ ಎಂದರೆ, ಅದು ಕೊನೆಯದು ಹೇಗಾಯಿತು?

ಮೂರೂ ಸುದ್ದಿ ನಿಜವೇ. ಗೊಂದಲ ಇರುವುದು "ಕೊನೆಯ" ಎಂಬ ಮಾತಿನಲ್ಲಿ.

ಒಂದೇ ಹೆಸರು, ಹಲವು ಆಮೆ

ಕನ್ನಡದಲ್ಲಿ ನಮಗೆ ಎಲ್ಲವೂ ಆಮೆಯೇ. ಕೆರೆಯದೂ ಆಮೆ, ಕಡಲದೂ ಆಮೆ, ನೆಲದ್ದೂ ಆಮೆ. ಇಲ್ಲಿ ಹೇಳುತ್ತಿರುವುದು ನೆಲದಾಮೆಯ ಕಥೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ ಗಲಪಗೋಸ್ ದ್ವೀಪಗಳು ತೀರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರ, ಪೆಸಿಫಿಕ್ ಸಾಗರದಲ್ಲಿವೆ. ಆ ಹೆಸರು ಬಂದದ್ದೇ ಆಮೆಗೆ ಇರುವ ಹಳೆಯ ಸ್ಪ್ಯಾನಿಷ್ ಪದದಿಂದ.

ಅಲ್ಲಿನ ದೈತ್ಯ ಆಮೆಗಳ ಮೂಲ ಒಂದೇ. ಆದರೆ ಒಂದೊಂದು ದ್ವೀಪದಲ್ಲಿ ಸಿಕ್ಕಿಕೊಂಡ ಗುಂಪು ಲಕ್ಷಾಂತರ ವರ್ಷ ತನ್ನಷ್ಟಕ್ಕೆ ಬೆಳೆಯಿತು. ಹಸಿರು ಜಾಸ್ತಿ ಇರುವ ದೊಡ್ಡ ದ್ವೀಪಗಳಲ್ಲಿ ಬೋಗುಣಿ ಕವುಚಿಟ್ಟಂಥ ಚಿಪ್ಪು. ಒಣ ದ್ವೀಪಗಳಲ್ಲಿ ಚಿಪ್ಪಿನ ಮುಂಭಾಗ ಕುದುರೆಯ ಜೀನಿನಂತೆ ಮೇಲಕ್ಕೆದ್ದಿರುತ್ತದೆ. ಕತ್ತು ಎತ್ತಿ ಪಾಪಾಸುಕಳ್ಳಿಯನ್ನು ತಿನ್ನಲು ಅದರಿಂದ ಅನುಕೂಲ. ಡಾರ್ವಿನ್ 1835ರಲ್ಲಿ ಅಲ್ಲಿಗೆ ಹೋದಾಗ ದ್ವೀಪಗಳ ಉಪ ಗವರ್ನರ್ ಆಗಿದ್ದ ಲಾಸನ್, ಆಮೆಯನ್ನು ನೋಡಿದರೆ ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದಿದ್ದರು. ಆಗ ಡಾರ್ವಿನ್ ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ. ಇಡೀ ಕಥೆ ನಿಂತಿರುವುದು ಆ ಮಾತಿನ ಮೇಲೆಯೇ. ಇಲ್ಲಿ ಆಮೆ ಎಂದರೆ ಬರೀ ಪ್ರಾಣಿ ಅಲ್ಲ, ಪ್ರಾಣಿ ಮತ್ತು ಅದರ ದ್ವೀಪ.

ಹೀಗೆ ಸುಮಾರು 15 ಬಗೆಗಳನ್ನು ಗುರುತಿಸಲಾಗಿತ್ತು. ಅವುಗಳಲ್ಲಿ ಎರಡು ಈ ಲೇಖನದ ಮುಖ್ಯ ಪಾತ್ರಗಳು. ಪಿಂಟಾ ದ್ವೀಪದ ಆಮೆಗಳಲ್ಲಿ ಕೊನೆಯವನು ಜಾರ್ಜ್. ಫರ್ನಾಂಡಿನಾ ದ್ವೀಪದ ಆಮೆಗಳಲ್ಲಿ ಸಿಕ್ಕಿರುವ ಒಬ್ಬಳೇ ಒಬ್ಬಳು ಫರ್ನಾಂಡಾ.

ಪಿಂಟಾ ಬರಿದಾದ ಬಗೆ

ಪಿಂಟಾ ಸುಮಾರು 60 ಚದರ ಕಿಲೋಮೀಟರ್‌ನ ಸಣ್ಣ ದ್ವೀಪ. ಅಲ್ಲಿನ ಆಮೆಗಳನ್ನು ಮುಗಿಸಿದ್ದು ಎರಡು ಹೊಟ್ಟೆಗಳು. ಮೊದಲನೆಯದು ಮನುಷ್ಯನದು.

ಈ ಆಮೆಗಳು ಊಟ, ನೀರು ಇಲ್ಲದೆ ಒಂದು ವರ್ಷದವರೆಗೂ ಬದುಕಬಲ್ಲವು. ಅದೇ ಅವಕ್ಕೆ ಮುಳುವಾಯಿತು. ಫ್ರಿಜ್ ಇಲ್ಲದ ಕಾಲ. ಕಡಲ್ಗಳ್ಳರು, ಆಮೇಲೆ ತಿಮಿಂಗಿಲ ಬೇಟೆಯ ಹಡಗುಗಳವರು ತಿಂಗಳುಗಟ್ಟಲೆ ಸಮುದ್ರದಲ್ಲಿ ಇರಬೇಕಿತ್ತು. ಹಡಗಿನ ತಳದಲ್ಲಿ ಆಮೆಗಳನ್ನು ಪೇರಿಸಿಟ್ಟರೆ ಬೇಕಾದಾಗ ತಾಜಾ ಮಾಂಸ. ಕೆಲವು ಶತಮಾನಗಳಲ್ಲಿ ಈ ದ್ವೀಪಗಳಿಂದ ಹೀಗೆ ಹೋದ ಆಮೆಗಳು ಲಕ್ಷಕ್ಕೂ ಹೆಚ್ಚು ಎಂಬುದು ಅಂದಾಜು. ಒಂದು ಕಾಲಕ್ಕೆ ಎರಡೂವರೆ ಲಕ್ಷ ಇದ್ದಿರಬಹುದಾದ ಸಂಖ್ಯೆ 1970ರ ದಶಕಕ್ಕೆ 15,000ದ ಆಸುಪಾಸಿಗೆ ಇಳಿದಿತ್ತು.

ಇಲ್ಲಿ ಇನ್ನೊಂದು ಸಂಗತಿ ಇದೆ, ಸುದ್ದಿಗಳಲ್ಲಿ ಇದು ಕಾಣುವುದು ಕಡಿಮೆ. ಹೆಣ್ಣಾಮೆ ಗಂಡಿಗಿಂತ ಚಿಕ್ಕದು, ಹೊರಲು ಸುಲಭ. ಮೊಟ್ಟೆ ಇಡಲು ಅದು ಕೆಳಗಿನ ಒಣ ಬಯಲಿಗೆ, ಅಂದರೆ ದಡದ ಹತ್ತಿರಕ್ಕೆ ಇಳಿದು ಬರುತ್ತದೆ. ನಾವಿಕರಿಗೆ ಗುಡ್ಡ ಹತ್ತುವ ಕಷ್ಟವೇ ಇರಲಿಲ್ಲ. ಹಾಗಾಗಿ ಹಡಗು ಸೇರಿದವುಗಳಲ್ಲಿ ಹೆಣ್ಣುಗಳೇ ಜಾಸ್ತಿ. 1906ರಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ತಂಡ ಪಿಂಟಾಗೆ ಬಂದಾಗ ಸಿಕ್ಕ ಮೂರು ಆಮೆಗಳೂ ಗಂಡೇ. ಕೊನೆಗೆ ಉಳಿದ ಜಾರ್ಜ್ ಕೂಡ ಗಂಡು. ಅದನ್ನು ಬರೀ ಕಾಕತಾಳೀಯ ಎನ್ನುವುದು ಕಷ್ಟ.

ಎರಡನೆಯ ಹೊಟ್ಟೆ ಆಡಿನದು. 1959ರಲ್ಲಿ ಮೀನುಗಾರರು ಪಿಂಟಾದಲ್ಲಿ ಒಂದು ಹೋತ, ಎರಡು ಹೆಣ್ಣಾಡು ಬಿಟ್ಟರು. ಮುಂದೆ ಬಂದಾಗ ಮಾಂಸಕ್ಕೆ ಆಗುತ್ತದೆ ಎಂಬ ಲೆಕ್ಕ. 1970ರ ದಶಕದ ಹೊತ್ತಿಗೆ ಅವು ಸುಮಾರು 40,000 ಆಗಿದ್ದವು ಎಂಬ ಅಂದಾಜಿದೆ. ಗಿಡ, ಹುಲ್ಲು, ಕಳ್ಳಿಯ ಎಳೆಸಸಿ ಎಲ್ಲವನ್ನೂ ಮೇಯ್ದು ದ್ವೀಪವನ್ನು ಬೋಳು ಮಾಡಿದವು. ಅಳಿದುಳಿದ ಆಮೆ ಇದ್ದರೂ ಅದಕ್ಕೆ ಮೇವು ಎಲ್ಲಿ? ಆಮೆ ಪ್ರಾಯಕ್ಕೆ ಬರಲು 20–25 ವರ್ಷ ಬೇಕು. ಆಡಿಗೆ ಒಂದೇ ವರ್ಷ ಸಾಕು. ಮೂರು ಆಡು 40,000 ಆಗುವಷ್ಟರಲ್ಲಿ ಒಂದು ಆಮೆಮರಿ ದೊಡ್ಡದೂ ಆಗುವುದಿಲ್ಲ.

ಆಡುಗಳನ್ನು ಪಿಂಟಾದಿಂದ ಪೂರ್ತಿ ತೆಗೆದದ್ದು ಖಚಿತವಾಗಿದ್ದು 2003ರಲ್ಲಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಜಾರ್ಜ್‌ಗೆ ಹೆಣ್ಣು ಹುಡುಕಿದ ಕಾಲ

1971ರ ಕೊನೆಯಲ್ಲಿ ಹಂಗೇರಿ ಮೂಲದ ವಿಜ್ಞಾನಿ ಯೋಝೆಫ್ ವಾಗ್ವೊಲ್ಗಿ ಪಿಂಟಾಗೆ ಹೋಗಿದ್ದು ಬಸವನಹುಳು ಹುಡುಕಲು. ಕಣ್ಣಿಗೆ ಬಿದ್ದದ್ದು ಆಮೆ. ಪಿಂಟಾ ಆಮೆ ಮುಗಿಯಿತು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಮರುವರ್ಷ ಅದನ್ನು ಸಾಂತಾ ಕ್ರೂಸ್ ದ್ವೀಪದ ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ತಂದರು. ಅಮೆರಿಕದ ಹಾಸ್ಯನಟ ಜಾರ್ಜ್ ಗೋಬೆಲ್‌ಗೆ ಇದ್ದ ಅಡ್ಡಹೆಸರು ಆಮೆಗೂ ಅಂಟಿತು: ಲೋನ್‌ಸಮ್ ಜಾರ್ಜ್, ಅಂದರೆ ಒಂಟಿ ಜಾರ್ಜ್.

ಪಿಂಟಾದ ಹೆಣ್ಣಾಮೆ ತಂದುಕೊಟ್ಟವರಿಗೆ 10,000 ಡಾಲರ್ ಬಹುಮಾನ ಎಂದು ಸಾರಿದರು. ಒಂದೂ ಸಿಗಲಿಲ್ಲ. 1990ರ ದಶಕದಲ್ಲಿ, ಪಿಂಟಾಕ್ಕೆ ಹತ್ತಿರವಿರುವ ಇಸಬೆಲಾ ದ್ವೀಪದ ವುಲ್ಫ್ ಜ್ವಾಲಾಮುಖಿಯಿಂದ ಎರಡು ಹೆಣ್ಣು ತಂದು ಜೊತೆಗೆ ಬಿಟ್ಟರು. ಹತ್ತಿರದ ದ್ವೀಪವಾದರೆ ಹತ್ತಿರದ ನೆಂಟಸ್ತಿಕೆ ಇರಬಹುದು ಎಂಬ ಎಣಿಕೆ. ಡಿಎನ್‌ಎ ನೋಡಿದರೆ ಲೆಕ್ಕ ಬೇರೆಯೇ. ಜಾರ್ಜ್‌ಗೆ ತೀರ ಹತ್ತಿರದವರು ದ್ವೀಪಸಮೂಹದ ಇನ್ನೊಂದು ತುದಿಯ ಎಸ್ಪಾನ್ಯೋಲಾದ ಆಮೆಗಳು. ಸಾಗರದ ಪ್ರವಾಹದಲ್ಲಿ ತೇಲಿಹೋದ ಯಾವುದೋ ಹಳೆಯ ಆಮೆ ಈ ನೆಂಟಸ್ತಿಕೆಗೆ ಕಾರಣ ಇರಬೇಕು. ವುಲ್ಫ್‌ನ ಹೆಣ್ಣುಗಳು 2008 ಮತ್ತು 2009ರಲ್ಲಿ ಮೊಟ್ಟೆ ಇಟ್ಟವು. ಯಾವುದೂ ಮರಿಯಾಗಲಿಲ್ಲ. 2011ರಲ್ಲಿ ಎಸ್ಪಾನ್ಯೋಲಾದ ಹೆಣ್ಣುಗಳನ್ನು ತಂದರು. ಅಷ್ಟರಲ್ಲಿ ಅವನಿಗೆ ವಯಸ್ಸು ನೂರರ ಹತ್ತಿರವೋ ದಾಟಿತ್ತೋ.

2012ರ ಜೂನ್ 24ರಂದು, ದಶಕಗಳ ಕಾಲ ಅವನನ್ನು ನೋಡಿಕೊಂಡಿದ್ದ ಫಾಸ್ಟೊ ಯೆರೆನಾ ಬಂದು ನೋಡಿದಾಗ ಜಾರ್ಜ್ ಸತ್ತಿದ್ದ. ವಯಸ್ಸಾಗಿ ಸಹಜವಾಗಿ ಬಂದ ಸಾವು. ದೇಹವನ್ನು ನ್ಯೂಯಾರ್ಕಿಗೆ ಕಳಿಸಿ, ಕೆಡದಂತೆ ತುಂಬಿ ನಿಲ್ಲಿಸಿದರು. ಅದನ್ನು ರಾಜಧಾನಿ ಕಿಟೊದಲ್ಲಿ ಇಡಬೇಕೋ ಗಲಪಗೋಸ್‌ನಲ್ಲೋ ಎಂದು ಒಂದು ಜಗಳವೂ ಆಯಿತು. 2017ರಲ್ಲಿ ಜಾರ್ಜ್ ಸಾಂತಾ ಕ್ರೂಸ್‌ಗೆ ಮರಳಿದ. ಬದುಕಿದ್ದಾಗ ಊರು ಬಿಡಿಸಿದ್ದಕ್ಕೆ ಸತ್ತಮೇಲೆ ಊರು ಯಾವುದೆಂಬ ಚರ್ಚೆ, ಇರಲಿ.

ಹದಿನಾಲ್ಕು ಮತ್ತು ಒಂದು

ಜಾರ್ಜ್‌ನ ಕಥೆಯನ್ನು ಅದೊಂದನ್ನೇ ಓದಿದರೆ ವಿಧಿ, ದುರದೃಷ್ಟ ಎನಿಸುತ್ತದೆ. ಪಕ್ಕದಲ್ಲಿ ಎಸ್ಪಾನ್ಯೋಲಾದ ಕಥೆ ಇಟ್ಟುಕೊಂಡು ಓದಬೇಕು.

ಅದೂ ಸಣ್ಣ ದ್ವೀಪವೇ, ಪಿಂಟಾದಷ್ಟೇ. ಅಲ್ಲೂ ತಿಮಿಂಗಿಲ ಬೇಟೆಯವರು ಬಂದಿದ್ದರು, ಅಲ್ಲೂ ಆಡು ಮೇಯ್ದಿದ್ದವು. 1963ರಿಂದ 1974ರ ನಡುವೆ ಅಲ್ಲಿ ಹುಡುಕಿದಾಗ ಸಿಕ್ಕ ಆಮೆಗಳು 14. ಹನ್ನೆರಡು ಹೆಣ್ಣು, ಎರಡು ಗಂಡು. ಒಂದಕ್ಕೊಂದು ಭೇಟಿಯೇ ಆಗದಷ್ಟು ದೂರ ದೂರ ಚದುರಿಹೋಗಿದ್ದವು. ಎಲ್ಲವನ್ನೂ ಸಾಂತಾ ಕ್ರೂಸ್‌ಗೆ ತಂದು ಒಂದೇ ಆವರಣದಲ್ಲಿ ಬಿಟ್ಟರು. ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿದ್ದ ಇನ್ನೊಂದು ಗಂಡು ಎಸ್ಪಾನ್ಯೋಲಾದ್ದೇ ಎಂದು ಗೊತ್ತಾಗಿ 1970ರ ದಶಕದಲ್ಲೇ ಅದನ್ನೂ ತರಿಸಿದರು. ಅದೇ ಡಿಯಾಗೊ. ಇತ್ತ ದ್ವೀಪದಿಂದ ಆಡುಗಳನ್ನು ತೆಗೆದರು.

ಮರಿಗಳು ಹುಟ್ಟಿದವು, ಬೆಳೆದವು, ದ್ವೀಪಕ್ಕೆ ಮರಳಿದವು. ಸುಮಾರು 2,000 ಆಮೆಗಳಾದ ಮೇಲೆ ಕಾರ್ಯಕ್ರಮವನ್ನು ನಿಲ್ಲಿಸಿ, 2020ರ ಜೂನ್‌ನಲ್ಲಿ ಆ 15 ಹಿರಿಯರನ್ನೂ ಮನೆಗೆ ಬಿಟ್ಟುಬಂದರು. ಹುಟ್ಟಿದ ಮರಿಗಳಲ್ಲಿ ಶೇ 40ರಷ್ಟು ಡಿಯಾಗೊನವೇ ಎಂದು ಡಿಎನ್‌ಎ ಹೇಳಿತು. ಪತ್ರಿಕೆಗಳು ಇದನ್ನು ಚಪ್ಪರಿಸಿ ಬರೆದವು. ಉಳಿದ ಮರಿಗಳಲ್ಲಿ ಹೆಚ್ಚಿನವು ಸದ್ದಿಲ್ಲದ ಇನ್ನೊಂದು ಗಂಡಿನವು, ಅದಕ್ಕೆ ಹೆಸರೂ ಇರಲಿಲ್ಲ, ಬರೀ ಸಂಖ್ಯೆ.

ಕಾಲ ಒಂದೇ, ಕೇಂದ್ರ ಒಂದೇ, ಶತ್ರುಗಳೂ ಅವರೇ. ವ್ಯತ್ಯಾಸ ಇಷ್ಟೇ: ಅಲ್ಲಿ ಕೈ ಹಾಕಿದಾಗ 14 ಇದ್ದವು, ಇಲ್ಲಿ ಒಂದು. ಹಾಗಾದರೆ ಪಿಂಟಾ ಆಮೆಯ ಕುಲ ಮುಗಿದದ್ದು 2012ರಲ್ಲಿ ಎನ್ನುವುದು ಎಷ್ಟು ಸರಿ? ಅದು ಮುಗಿದದ್ದು ಕೊನೆಯ ಹೆಣ್ಣು ಹೋದ ದಿನ. ಅದು ಯಾವ ದಿನ ಎಂದು ಯಾರೂ ಬರೆದಿಡಲಿಲ್ಲ. ಜಾರ್ಜ್ ಬದುಕಿದ್ದ 40 ವರ್ಷದ ಸೆರೆ ಬರೀ ತಡವಾಗಿ ಬಂದ ಮರಣಪತ್ರ. ಕಟುವಾಗಿ ಕೇಳಿಸಬಹುದು. ಆದರೆ ಹಣ, ಕ್ಯಾಮೆರಾ, ಕಣ್ಣೀರು ಎಲ್ಲ ಒಂದರ ಕಡೆ ಹರಿಯುತ್ತದೆ, ಹದಿನಾಲ್ಕರ ಕಡೆ ಯಾರೂ ನೋಡುವುದಿಲ್ಲ ಎಂಬುದೇ ಇಲ್ಲಿನ ತೊಂದರೆ.

ಹಾಗಾದರೆ ಫರ್ನಾಂಡಾ ಎಲ್ಲಿಂದ ಬಂದಳು?

ಫರ್ನಾಂಡಿನಾ ಬೇರೆಯೇ ರೀತಿಯ ದ್ವೀಪ. ಸುಮಾರು 640 ಚದರ ಕಿಲೋಮೀಟರ್, ನಡುವೆ ಈಗಲೂ ಉರಿಯುವ ಲಾ ಕುಂಬ್ರೆ ಜ್ವಾಲಾಮುಖಿ. ಅಲ್ಲಿ ಆಡಿಲ್ಲ, ಹೊರಗಿನಿಂದ ಬಂದ ಇಲಿಯಿಲ್ಲ, ಜನರಿಲ್ಲ. ಅಲ್ಲಿನ ಆಮೆಗೆ ಕಂಟಕ ಲಾವಾ ಎಂದೇ ಊಹೆ. 1906ರಲ್ಲಿ ಅದೇ ಕ್ಯಾಲಿಫೋರ್ನಿಯಾ ತಂಡಕ್ಕೆ ಅಲ್ಲಿ ಒಂದು ಗಂಡಾಮೆ ಸಿಕ್ಕಿತ್ತು. ಚಿಪ್ಪಿನ ಅಂಚು ವಿಚಿತ್ರವಾಗಿ ಹರಡಿಕೊಂಡಿದ್ದರಿಂದ ಅದಕ್ಕೆ 'ಅದ್ಭುತ' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು. ಆ ಒಂದೇ ಒಂದು ನಮೂನೆಯ ಮೇಲೆ ಇಡೀ ಪ್ರಭೇದದ ವಿವರಣೆ ನಿಂತಿತ್ತು.

ಆಮೇಲೆ ಆಮೆ ಕಾಣಲಿಲ್ಲ. ಆದರೆ 1964ರಲ್ಲೇ ಅಲ್ಲಿ ಆಮೆಯ ಲದ್ದಿ ಕಂಡಿತ್ತು. 2019ರ ಫೆಬ್ರುವರಿ 17ರಂದು ಗಲಪಗೋಸ್ ರಾಷ್ಟ್ರೀಯ ಉದ್ಯಾನ ಮತ್ತು ಗಲಪಗೋಸ್ ಕನ್ಸರ್ವೆನ್ಸಿಯ ತಂಡಕ್ಕೆ ಲಾವಾ ಬಂಡೆಗಳ ನಡುವಿನ ಒಂದು ಹಸಿರು ತುಣುಕಿನಲ್ಲಿ ಹೆಣ್ಣಾಮೆಯೊಂದು ಸಿಕ್ಕಿತು. ಸುತ್ತ ಕರಿ ಲಾವಾ, ಆಚೆ ದಾಟುವ ಹಾಗಿಲ್ಲ. ದ್ವೀಪದೊಳಗೆ ಇನ್ನೊಂದು ದ್ವೀಪ.

ಆದರೆ ಅನುಮಾನ ಶುರುವಾಯಿತು. ಈ ಹೆಣ್ಣು ಚಿಕ್ಕದು. 1906ರ ಗಂಡಿನ ಆ ಹರಡಿದ ಚಿಪ್ಪು ಇದಕ್ಕಿಲ್ಲ. ಬೇರೆ ದ್ವೀಪದಿಂದ ಚಂಡಮಾರುತಕ್ಕೆ ತೇಲಿಬಂದದ್ದೋ, ಹಡಗಿನವರು ಬಿಟ್ಟುಹೋದದ್ದೋ ಇರಬಹುದಲ್ವಾ? ಹಾಗಾಗಿ ಅವಳ ಡಿಎನ್‌ಎಯನ್ನು ಮ್ಯೂಸಿಯಂನ ಆ ಹಳೆಯ ಗಂಡಿನ ಡಿಎನ್‌ಎ ಜೊತೆ, ಉಳಿದ ದ್ವೀಪಗಳ ಆಮೆಗಳ ಜೊತೆ ಹೋಲಿಸಿದರು. 2021ರಲ್ಲಿ ಸುದ್ದಿ ಹೊರಬಿತ್ತು, 2022ರ ಜೂನ್‌ನಲ್ಲಿ ಪೂರ್ಣ ಪ್ರಬಂಧ ಬಂತು. ಇಬ್ಬರೂ ಒಂದೇ ಕುಲ, ಉಳಿದವರೆಲ್ಲ ಬೇರೆ. ವಯಸ್ಸು 50ಕ್ಕೂ ಹೆಚ್ಚು. ಆಕಾರ ಬೇರೆ ಆಗಿದ್ದಕ್ಕೆ ಕಾರಣ, ಅಷ್ಟು ಸಣ್ಣ ಜಾಗದಲ್ಲಿ ಹೊಟ್ಟೆಗೆ ಸಾಲದೆ ಬೆಳವಣಿಗೆ ಕುಂಠಿತವಾಗಿರಬಹುದು.

ಈಗ ಮೊದಲ ಗೊಂದಲ ಬಿಡಿಸಬಹುದು. ಪ್ರಾಣಿಯೊಂದು ಅಳಿದಿದೆ ಎಂದು ಹೇಳುವುದು ಎಂದರೆ, ಹುಡುಕಿದೆವು, ಸಿಗಲಿಲ್ಲ ಎಂದಷ್ಟೇ. ಎಷ್ಟು ಹುಡುಕಿದೆವು ಎಂಬುದರ ಮೇಲೆ ಆ ಮಾತಿನ ತೂಕ. ಪಿಂಟಾದಂಥ ಸಣ್ಣ ದ್ವೀಪವನ್ನು ಆಡು ಬೇಟೆಯವರು ಮೂಲೆ ಮೂಲೆ ತುಳಿದಿದ್ದಾರೆ, ಅಲ್ಲಿ ಇಲ್ಲ ಎಂದರೆ ನಂಬಬಹುದು. ಲಾವಾದ ಮೇಲೆ ಬೂಟಿನ ತಳವೇ ಹರಿದುಹೋಗುವ, ಹತ್ತು ಪಟ್ಟು ದೊಡ್ಡದಾದ ಫರ್ನಾಂಡಿನಾದಲ್ಲಿ ಇಲ್ಲ ಎಂದರೆ ಅಷ್ಟು ಬೇಗ ನಂಬುವಂತಿಲ್ಲ.

ಬೆರಕೆ ಆಮೆಗಳ ತಕರಾರು

ಮೂರನೆಯ ಸುದ್ದಿಯ ನೆಂಟರು ವುಲ್ಫ್ ಜ್ವಾಲಾಮುಖಿಯಲ್ಲಿದ್ದಾರೆ. 2008ರಲ್ಲಿ ಅಲ್ಲಿ 1,600ಕ್ಕೂ ಹೆಚ್ಚು ಆಮೆಗಳ ರಕ್ತ ಸಂಗ್ರಹಿಸಿದ್ದರು. ಅದರಲ್ಲಿ 17 ಆಮೆಗಳಲ್ಲಿ ಪಿಂಟಾದ ಅಂಶ ಇದೆ ಎಂಬುದು ಹೊರಬಂದದ್ದು 2012ರ ಕೊನೆಯಲ್ಲಿ, ಜಾರ್ಜ್ ಸತ್ತ ಕೆಲವೇ ತಿಂಗಳ ಮೇಲೆ. ಐದು ಇನ್ನೂ ಎಳೆಯವು. ಅಲ್ಲಿಗೆ ಹೇಗೆ ಬಂದವು? ಹಡಗಿನ ಭಾರ ಇಳಿಸಲು ನಾವಿಕರು ಆಮೆಗಳನ್ನು ಅಲ್ಲಿನ ಬ್ಯಾಂಕ್ಸ್ ಕೊಲ್ಲಿಯಲ್ಲಿ ಎಸೆಯುತ್ತಿದ್ದರು. ಈ ಆಮೆ ಮುಳುಗುವುದಿಲ್ಲ. ತೇಲಿ ದಡ ಸೇರಿ, ಅಲ್ಲಿನವರ ಜೊತೆ ಕೂಡಿ ಸಂಸಾರ ಮಾಡಿದವು. ಕೊಂದವರ ಕೈಯಿಂದಲೇ ಅಷ್ಟಿಷ್ಟು ಉಳಿದದ್ದು.

19ನೇ ಶತಮಾನದಲ್ಲೇ ಮುಗಿದ ಫ್ಲೊರಿಯಾನಾ ದ್ವೀಪದ ಆಮೆಯ ಅಂಶ ಇಲ್ಲಿ ಇನ್ನೂ ಹೆಚ್ಚು ಸಿಕ್ಕಿತು. ಅಂಥವನ್ನು ಆಯ್ದು ತಂದು 2017ರಿಂದ ಸಾಂತಾ ಕ್ರೂಸ್‌ನಲ್ಲಿ ಮರಿ ಮಾಡಿಸುವ ಕೆಲಸ ಶುರುವಾಯಿತು. 2020ರ ಜನವರಿಯ ಹುಡುಕಾಟದಲ್ಲಿ ಇಂಥ 30 ಆಮೆ ಸಿಕ್ಕವು. ಅದರಲ್ಲಿ ಪಿಂಟಾದ ಅಂಶವಿದ್ದ ಎಳೆಯ ಹೆಣ್ಣು ಒಂದು.

ತಕರಾರು ಇಲ್ಲಿಂದ. ಒಂದು ಪಕ್ಷದ ವಾದ: ಬೆರಕೆ ಆಮೆ ಫ್ಲೊರಿಯಾನಾ ಆಮೆ ಆಗುವುದಿಲ್ಲ. ಎಷ್ಟು ತಲೆಮಾರು ಆಯ್ದರೂ ಕಳೆದುಹೋದ ವಂಶವಾಹಿಗಳು ಕಳೆದುಹೋದವೇ. "ಮತ್ತೆ ಬಂತು" ಎಂದು ಕುಣಿದರೆ, ಅಳಿವು ಎಂದರೆ ರಿಪೇರಿ ಮಾಡಬಹುದಾದ ಸಂಗತಿ ಎಂದು ಜನ, ಸರ್ಕಾರ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಪಕ್ಷ ಕೇಳುವುದು ದ್ವೀಪದ ಗತಿ ಏನು ಎಂದು. ಆಮೆ ಅಲ್ಲಿನ ಆನೆ ಇದ್ದ ಹಾಗೆ. ಪೊದೆ ತುಳಿದು ದಾರಿ ಮಾಡುತ್ತದೆ, ಕಳ್ಳಿಯ ಬೀಜ ಹೊತ್ತು ಹರಡುತ್ತದೆ. ಪಿಂಟಾದಲ್ಲಿ ಆಡು ಹೋದ ಮೇಲೆ ಕುರುಚಲು ಕಟ್ಟಿಕೊಂಡು ಬೆಳೆಯಿತು, ಮೇಯಲು ಯಾರೂ ಇಲ್ಲ. ಅದಕ್ಕೆ 2010ರಲ್ಲಿ ಅಲ್ಲಿ ಸಂತಾನಶಕ್ತಿ ತೆಗೆದ 39 ಬೆರಕೆ ಆಮೆಗಳನ್ನು ಬಿಟ್ಟರು. ಕೆಲಸ ಮಾಡಲಿ, ಆದರೆ ತಪ್ಪು ಕುಲ ಅಲ್ಲಿ ಬೇರೂರದಿರಲಿ ಎಂದು. ನೋಡಿದರೆ ಅರ್ಧ ನಂಬಿಕೆಯ ಪರಿಹಾರ, ಆದರೆ ಆ ಹೊತ್ತಿಗೆ ಜಾಣತನದ್ದೇ.

ಎರಡರಲ್ಲಿ ಎರಡನೆಯ ವಾದಕ್ಕೇ ತೂಕ ಜಾಸ್ತಿ ಎನಿಸುತ್ತದೆ, ಒಂದು ಷರತ್ತಿನ ಮೇಲೆ. ಬೆರಕೆಯನ್ನು ಬೆರಕೆ ಎಂದೇ ಕರೆಯಬೇಕು. ಫ್ಲೊರಿಯಾನಾದಲ್ಲಿ ಆಮೆಗಿಂತ ಮೊದಲು ಇಲಿ ಮತ್ತು ಕಾಡುಬೆಕ್ಕುಗಳನ್ನು ತೆಗೆಯುವ ಕೆಲಸ 2023ರಲ್ಲಿ ಶುರುವಾದದ್ದು ಸರಿಯಾದ ಕ್ರಮ. ಪಿಂಟಾದಲ್ಲಿ ಆಡು ಹೋಗುವ ಹೊತ್ತಿಗೆ ಅಲ್ಲಿನ ಆಮೆಯೇ ಉಳಿದಿರಲಿಲ್ಲ.

ಮೂಲ ಗೊತ್ತಿಲ್ಲದ ಆಮೆಯ ಕಷ್ಟ ನಮಗೂ ಹೊಸದಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡಿನ ಒಣ ಕುರುಚಲು ಕಾಡಿನಲ್ಲಿ ಇರುವ ನಕ್ಷತ್ರ ಆಮೆ ಗುಜರಾತ್, ರಾಜಸ್ಥಾನದ ಕಡೆಯೂ ಇದೆ, ಶ್ರೀಲಂಕಾದಲ್ಲೂ ಇದೆ. ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ಪೆಟ್ಟಿಗೆಯಲ್ಲಿ ಯಾವುದು ಯಾವ ಕಡೆಯದು ಎಂದು ಗೊತ್ತಾಗುವುದು ಹೇಗೆ? ಸುಮ್ನೆ ಹತ್ತಿರದ ಕಾಡಿಗೆ ಬಿಟ್ಟರೆ ವುಲ್ಫ್ ಜ್ವಾಲಾಮುಖಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ, ಈ ಸಲ ನಾವೇ ಮಾಡಿದ ಹಾಗೆ.

ಪ್ರಭೇದವೋ, ಉಪಪ್ರಭೇದವೋ?

ಒಂದು ಸುದ್ದಿಯಲ್ಲಿ ಪ್ರಭೇದ ಎಂದಿರುತ್ತದೆ, ಇನ್ನೊಂದರಲ್ಲಿ ಉಪಪ್ರಭೇದ. ಎರಡೂ ತಪ್ಪಲ್ಲ. ಹಲವು ವಿಜ್ಞಾನಿಗಳು ಒಂದೊಂದು ದ್ವೀಪದ ಆಮೆಯನ್ನೂ ಬೇರೆ ಪ್ರಭೇದ ಎನ್ನುತ್ತಾರೆ. 2021ರಲ್ಲಿ ಆಮೆಗಳ ವರ್ಗೀಕರಣ ನೋಡಿಕೊಳ್ಳುವ ಪರಿಣತರ ಗುಂಪು ಎಲ್ಲವನ್ನೂ ಒಂದೇ ಪ್ರಭೇದದ ಕೆಳಗೆ ಉಪಪ್ರಭೇದಗಳಾಗಿ ಸೇರಿಸಿತು. ಇವು ಒಂದರೊಡನೊಂದು ಕೂಡಿ ಮರಿ ಮಾಡುತ್ತವೆ ಎಂಬುದನ್ನು ವುಲ್ಫ್ ಜ್ವಾಲಾಮುಖಿಯಲ್ಲಿ ನೋಡಿದೆವಲ್ಲ.

ಇದು ಪುಸ್ತಕದ ಜಗಳ ಮಾತ್ರವಲ್ಲ. ಪ್ರಭೇದ ಎಂದರೆ ಬೆರೆಸುವುದು ತಪ್ಪು ಎನಿಸುತ್ತದೆ. ಉಪಪ್ರಭೇದ ಎಂದರೆ ಬೆರೆಸಲು ಧೈರ್ಯ ಬರುತ್ತದೆ, ಆದರೆ ಕಳೆದುಕೊಂಡಾಗ "ಉಳಿದವು ಇವೆಯಲ್ಲ" ಎಂಬ ಉದಾಸೀನವೂ ಬರುತ್ತದೆ.

ಫರ್ನಾಂಡಾ ಮುಂದೆ

ಅವಳು ಈಗ ಸಾಂತಾ ಕ್ರೂಸ್‌ನ ಆಮೆ ಕೇಂದ್ರದಲ್ಲಿದ್ದಾಳೆ. ಆ ಕೇಂದ್ರಕ್ಕೆ ಇಟ್ಟಿರುವುದು ಜಾರ್ಜ್‌ನನ್ನು ನೋಡಿಕೊಂಡ ಫಾಸ್ಟೊ ಯೆರೆನಾ ಅವರ ಹೆಸರನ್ನೇ. ಇದ್ದಲ್ಲೇ ಬಿಡಬೇಕಿತ್ತು ಎನ್ನುವವರಿದ್ದಾರೆ. ಆದರೆ 2024ರ ಮಾರ್ಚ್‌ನಲ್ಲಿ ಲಾ ಕುಂಬ್ರೆ ಮತ್ತೆ ಸಿಡಿಯಿತು. ಅವಳು ಅಲ್ಲಿದ್ದು, ಲಾವಾ ಆ ಕಡೆ ಹರಿದಿದ್ದರೆ ವಾದವೇ ಮುಗಿಯುತ್ತಿತ್ತು.

ಜೊತೆ ಸಿಗದಿದ್ದರೆ ಹತ್ತಿರದ ಬೇರೆ ಕುಲದ ಗಂಡಿನೊಡನೆ ಕೂಡಿಸಬೇಕೇ? ಜಾರ್ಜ್‌ಗೆ ಹಾಗೆ ಮಾಡಿ ಕೈ ಸುಟ್ಟುಕೊಂಡದ್ದು ಎಲ್ಲರಿಗೂ ನೆನಪಿದೆ. ಹಾಗೆಂದು ಕಾಯುತ್ತ ಕೂತರೆ ಅವಳಿಗೂ ವಯಸ್ಸಾಗುತ್ತದೆ. ಕ್ಲೋನಿಂಗ್ ಮಾತು ಎತ್ತುವವರೂ ಇದ್ದಾರೆ. ಸರೀಸೃಪಗಳಲ್ಲಿ ಮೊಟ್ಟೆಯೊಳಗಿನ ದೊಡ್ಡ ಹಳದಿ ಭಂಡಾರ, ತಾಯಿಯ ಹೊಟ್ಟೆಯೊಳಗೇ ಮೊಟ್ಟೆಗೆ ಕಟ್ಟುವ ಚಿಪ್ಪು, ಇವುಗಳಿಂದಾಗಿ ಅದು ಕುರಿಯಲ್ಲಿ ಮಾಡಿದಷ್ಟು ಸುಲಭವಲ್ಲ.

ಜಾರ್ಜ್‌ಗೆ ಇಲ್ಲದ ಎರಡು ಅನುಕೂಲ ಅವಳಿಗಿದೆ. ಒಂದು, ಅವಳು ಹೆಣ್ಣು. ಒಂದೇ ಒಂದು ಗಂಡು ಸಿಕ್ಕರೂ ಸಂಸಾರ ಶುರುವಾಗುತ್ತದೆ. ಎರಡು, ಅವಳ ದ್ವೀಪದಲ್ಲಿ ಆಡಿಲ್ಲ, ಹುಡುಕದ ಹಸಿರು ತುಣುಕುಗಳು ಇನ್ನೂ ಇವೆ. ಅವಳು ಸಿಕ್ಕಿದ ಮೇಲೆ ಬೇರೆ ಆಮೆಗಳ ಹೆಜ್ಜೆ, ಲದ್ದಿಯ ಗುರುತುಗಳೂ ಕಂಡಿವೆ.

ಈ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಕಾವಿನ ಬಿಸಿ. ಕೇಂದ್ರದ ಪೆಟ್ಟಿಗೆಗಳಲ್ಲಿ 28 ಡಿಗ್ರಿ ಇಟ್ಟರೆ ಗಂಡು, 29.5 ಇಟ್ಟರೆ ಹೆಣ್ಣು. ಲಾವಾದ ಆಚೆ ಒಂದು ಗಂಡು ಸಿಕ್ಕಿ, ಫರ್ನಾಂಡಾ ಮೊಟ್ಟೆ ಇಟ್ಟರೆ, ಮೊದಲ ಪೆಟ್ಟಿಗೆಯನ್ನು 29.5ಕ್ಕೇ ಇಡುತ್ತಾರೆ. ಆ ಹೆಣ್ಣುಮರಿಗಳು ಮೊಟ್ಟೆ ಇಡುವ ವಯಸ್ಸಿಗೆ ಬರಲು ಅಲ್ಲಿಂದ ಇನ್ನೂ 20–25 ವರ್ಷ.